ಬಾಡಿಗೆ ಮನೆಯ ನೆಲ ನೋಡಿ ಮನುಷ್ಯರಿಗೆ ಮಾರ್ಕು ಹಾಕುವವರಿಗೆ

ಕಳೆದ ತಿಂಗಳು ನಮ್ಮ ಡೊಂಬಿವಲಿಯ ಸೊಸೈಟಿಯಲ್ಲಿ ವಾರ್ಷಿಕ ಸಭೆ ಇತ್ತು. ಲೆಕ್ಕಪತ್ರ, ಲಿಫ್ಟಿನ ರಿಪೇರಿ, ನೀರಿನ ಟ್ಯಾಂಕರ್ ಬಿಲ್ಲು ಎಲ್ಲ ಹತ್ತೇ ನಿಮಿಷದಲ್ಲಿ ಪಾಸಾಯ್ತು. ಆಮೇಲೆ ಮುಕ್ಕಾಲು ಗಂಟೆ ಒಂದೇ ವಿಷಯ. ಎರಡನೇ ಮಹಡಿಯಲ್ಲಿ ಬಾಡಿಗೆಗೆ ಇರುವವರ ಮನೆ ಗಲೀಜಂತೆ!

"ಬಾಗಿಲು ತೆಗೆದರೆ ಒಳಗೆ ನೋಡಲಾಗುವುದಿಲ್ಲ" ಎಂದರು ಒಬ್ಬರು. "ಸೋಫಾ ಮೇಲೆ ಬಟ್ಟೆ ರಾಶಿ" ಎಂದರು ಇನ್ನೊಬ್ಬರು. "ಗೋಡೆ ತುಂಬ ಬೂಷ್ಟು, ಏನೋ ವಾಸನೆ" ಅಂತ ಮತ್ತೊಬ್ಬರು. ಕೊನೆಗೆ ಸೆಕ್ರೆಟರಿ ತೀರ್ಪು ಕೊಟ್ಟರು: "ಇಂಥವರಿಂದ ಬಿಲ್ಡಿಂಗಿನ ಮರ್ಯಾದೆ ಹೋಗುತ್ತದೆ. ಹನ್ನೊಂದು ತಿಂಗಳು ಮುಗಿದ ಮೇಲೆ ಅಗ್ರಿಮೆಂಟ್ ಮುಂದುವರಿಸಬೇಡಿ ಅಂತ ಮಾಲೀಕರಿಗೆ ಕಾಗದ ಬರೆಯೋಣ. ಒಪ್ಪಿಗೆ ಇದ್ದವರು ಕೈ ಎತ್ತಿ."

ಕೈಗಳು ಎದ್ದವು. ನಾನು ಎತ್ತಲಿಲ್ಲ. ಆದರೆ ಬಾಯಿಯನ್ನೂ ಬಿಡಲಿಲ್ಲ. ಆ ಮನೆಯವರು ಸಭೆಯಲ್ಲಿ ಇರಲಿಲ್ಲ, ಇದ್ದಿದ್ದರೂ ಅವರಿಗೆ ವೋಟಿಲ್ಲ. ಅವತ್ತು ಹೇಳಬೇಕಾಗಿದ್ದದ್ದನ್ನು ಇವತ್ತು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಆ ಬೂಷ್ಟಿನ ವಿಷಯ. ಆ ನೀರು ನನ್ನದು ಸ್ವಾಮಿ! ಅವರ ತಲೆಯ ಮೇಲಿನ ಮನೆ ನಮ್ಮದು. ಜೂನ್‌ನಲ್ಲಿ ಪ್ಲಂಬರ್ ಬಂದು ನೋಡಿ, ನಮ್ಮ ಬಚ್ಚಲಿನ ನೀರು ಇಳಿಯುವ ಕಡೆ, ಇಲ್ಲಿಯವರು ನಹಾನಿ ಟ್ರ್ಯಾಪ್ ಅನ್ನುತ್ತಾರಲ್ಲ, ಅಲ್ಲಿ ಬಿರುಕು ಬಿಟ್ಟಿದೆ, ಕೆಳಗಿನ ಮನೆಗೆ ಇಳಿಯುತ್ತಿದೆ ಅಂದ. ಟೈಲ್ಸ್ ಒಡೆಯಬೇಕು, ನಾಲ್ಕು ದಿನ ಬಚ್ಚಲಿಲ್ಲ, ಮಳೆಗಾಲ ಮುಗಿಯಲಿ ಅಂತ ನಾನೇ ಮುಂದೂಡಿದೆ. ಕೆಳಗಿನ ಮನೆಯ ಹುಡುಗಿ ಎರಡು ಸಲ ಮೇಲೆ ಬಂದು "ಅಂಕಲ್, ಸ್ವಲ್ಪ ನೋಡ್ತೀರಾ" ಅಂತ ಹಿಂದಿಯಲ್ಲಿ ಮೆಲ್ಲಗೆ ಕೇಳಿ ಹೋಗಿದ್ದಳು. ಸಭೆಯಲ್ಲಿ ಅದೇ ಗೋಡೆಯನ್ನು ತೋರಿಸಿ ಅವಳ ಸಂಸ್ಕಾರ ಅಳೆಯುತ್ತಿದ್ದರು. ಅವಳ ಗೋಡೆ ಹಾಳು ಮಾಡಿದ ನಾನು ಮಾತ್ರ ಮುಂದಿನ ಸಾಲಿನಲ್ಲಿ ಕೂತು ಸಮೋಸ ತಿನ್ನುತ್ತಿದ್ದೆ.

ಇಲ್ಲಿಯ ಹೌಸಿಂಗ್ ಸೊಸೈಟಿಗಳ ಮಾದರಿ ಉಪವಿಧಿಗಳನ್ನೇ ತೆಗೆದು ನೋಡಿ. ಮಳೆನೀರಿನ ಸೋರಿಕೆ, ಹೊರಗಿನ ಸಾಮಾನ್ಯ ಪೈಪಿನ ಸೋರಿಕೆ ಸರಿಮಾಡಿಸುವುದು ಸೊಸೈಟಿಯ ಖರ್ಚು. ಮನೆಯೊಳಗಿನ ಬಚ್ಚಲು, ಸಿಂಕಿನ ಸೋರಿಕೆ ಆ ಫ್ಲ್ಯಾಟಿನ ಸದಸ್ಯನ ಖರ್ಚು. ಅಂದರೆ ಎರಡನೇ ಮಹಡಿಯ ಗೋಡೆ ಒದ್ದೆಯಾದರೆ ಒಂದೋ ಸೊಸೈಟಿ ತಪ್ಪು, ಇಲ್ಲವೇ ನನ್ನಂಥ ಸದಸ್ಯನ ತಪ್ಪು. ಬಾಡಿಗೆಯವರ ತಪ್ಪು ಇದರಲ್ಲಿ ಎಲ್ಲಿಂದ ಬಂತು?

ಇನ್ನು ಈ ಹನ್ನೊಂದು ತಿಂಗಳ ಕಥೆ. 1908ರ ನೋಂದಣಿ ಕಾಯ್ದೆಯಲ್ಲಿ ಒಂದು ವರ್ಷ ಮೀರಿದ ಲೀಸಿಗೆ ನೋಂದಣಿ ಕಡ್ಡಾಯ. ಅದನ್ನು ತಪ್ಪಿಸಲು ದೇಶದಲ್ಲೆಲ್ಲ ಹನ್ನೊಂದು ತಿಂಗಳ ರೂಢಿ ಬಿತ್ತು. ಮಹಾರಾಷ್ಟ್ರದ 1999ರ ಬಾಡಿಗೆ ನಿಯಂತ್ರಣ ಕಾಯ್ದೆ, ಹನ್ನೊಂದು ತಿಂಗಳದ್ದನ್ನೂ ನೋಂದಾಯಿಸಲೇಬೇಕು, ಹೊಣೆ ಮಾಲೀಕನದು ಎಂದಿತು. ಆದರೂ ರೂಢಿ ಹೋಗಲಿಲ್ಲ. ಕಾಗದದ ಹೆಸರೇ 'ಲೀವ್ ಅಂಡ್ ಲೈಸೆನ್ಸ್'. ಕಾನೂನಿನ ಭಾಷೆಯಲ್ಲಿ ಅವರು ಬಾಡಿಗೆದಾರರು ಕೂಡ ಅಲ್ಲ, ಇರಲು ಅನುಮತಿ ಪಡೆದವರು, ಅಷ್ಟೆ.

ಇಂಥ ಮನೆಯಲ್ಲಿ ಒಂದು ಮೊಳೆ ಹೊಡೆಯಬೇಕಾದರೂ ಮಾಲೀಕರನ್ನು ಕೇಳಬೇಕು. ಬಟ್ಟೆ ಇಡಲು ಕಪಾಟು ಮಾಡಿಸುವ ಹಾಗಿಲ್ಲ. ಬಟ್ಟೆ ಸೋಫಾ ಮೇಲೆ ಇರದೆ ಇನ್ನೆಲ್ಲಿರಬೇಕು? ಮುಂದಿನ ವರ್ಷ ಇರುತ್ತೇವೋ ಇಲ್ಲವೋ ಗೊತ್ತಿಲ್ಲದವರು ಕೈಯಿಂದ ದುಡ್ಡು ಹಾಕಿ ಬಣ್ಣ ಹೊಡೆಸುತ್ತಾರಾ? ನೀವಾದರೆ ಹೊಡೆಸುತ್ತೀರಾ? ಮನೆ ಬಾಡಿಗೆಗೆ ಕೊಟ್ಟ ಮಾಲೀಕನಿಂದ ನಮ್ಮ ಸೊಸೈಟಿ ನಾನ್-ಆಕ್ಯುಪೆನ್ಸಿ ಚಾರ್ಜು ಅಂತ ಪ್ರತಿ ತಿಂಗಳೂ ವಸೂಲಿ ಮಾಡುತ್ತದೆ. ಸೇವಾ ಶುಲ್ಕದ ಶೇಕಡಾ 10 ಮೀರಬಾರದು ಅಂತ ಸರ್ಕಾರ 2001ರಲ್ಲೇ ಮಿತಿ ಹಾಕಿದೆ. ಮಾಲೀಕ ಅದನ್ನು ಬಾಡಿಗೆಯಲ್ಲೇ ಸೇರಿಸಿಕೊಳ್ಳುತ್ತಾನೆ. ಅವರು ಇರುವುದರಿಂದ ಬರುವ ದುಡ್ಡು ಬೇಕು, ಅವರು ಬೇಡ!

ಈಗ ಗುಡಿಸುವ ವಿಷಯಕ್ಕೆ ಬರೋಣ. ಸಭೆಯಲ್ಲಿ ನಾನು ಗಮನಿಸಿದ್ದು ಏನೆಂದರೆ, ಎಲ್ಲರೂ "ಆ ಹೆಂಗಸು" ಅಂತಲೇ ಮಾತಾಡಿದರು. "ಆ ಗಂಡಸು" ಅಂತ ಒಬ್ಬರ ಬಾಯಲ್ಲೂ ಬರಲಿಲ್ಲ. ಗಂಡ ರಾತ್ರಿ ಪಾಳಿ. ಅವಳು ಬೆಳಿಗ್ಗೆ ಆರೂಕಾಲಿಗೆ ಲೋಕಲ್ ಹಿಡಿದರೆ ಮನೆ ಸೇರುವುದು ರಾತ್ರಿ ಎಂಟಕ್ಕೆ. ಒಳಕೋಣೆಯಲ್ಲಿ ಲಕ್ವ ಹೊಡೆದು ಮಲಗಿರುವ ಅತ್ತೆ. ವಾಸನೆ ಅಂದರಲ್ಲ, ಅದು ರೋಗಿ ಇರುವ ಮನೆಯ ವಾಸನೆ. ನಮ್ಮ ಅಮ್ಮ ಕೊನೆಯ ಎರಡು ವರ್ಷ ಮಲಗಿದ್ದಾಗ ನಮ್ಮ ಮನೆಯಲ್ಲೂ ಅದೇ ವಾಸನೆ ಇತ್ತು. ಎಷ್ಟು ಫಿನಾಯಿಲ್ ಹಾಕಿದರೂ ಹೋಗುತ್ತಿರಲಿಲ್ಲ.

2019ರಲ್ಲಿ ಕೇಂದ್ರ ಸರ್ಕಾರ ಜನರ ಸಮಯ ಬಳಕೆಯ ಸಮೀಕ್ಷೆ ಮಾಡಿಸಿತ್ತು. ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಾರೆ, ಗಂಡಸರು 97 ನಿಮಿಷ. ಅದೂ ಮನೆಗೆಲಸಕ್ಕೆ ಕೈ ಹಾಕುವ ಗಂಡಸರ ಲೆಕ್ಕ. ಅಂಥವರು ನೂರಕ್ಕೆ ಸುಮಾರು 26 ಜನ. ನಮ್ಮ ಕಮಿಟಿಯ ಮಹನೀಯರು ಈ 26ರಲ್ಲಿ ಇದ್ದಾರೋ, ಉಳಿದ 74ರಲ್ಲೋ, ಅವರವರ ಮನೆಯವರನ್ನೇ ಕೇಳಿ. ನನ್ನ ಹೆಂಡತಿಯನ್ನು ಕೇಳಿದರೆ ನಾನು ಸಿಕ್ಕಿಬೀಳುತ್ತೇನೆ. ನಮ್ಮ ಮನೆಯ ನೆಲ ಫಳಫಳ ಹೊಳೆಯುತ್ತದೆ, ನಿಜ. ಆದರೆ ಒರೆಸುವವರು ನಾವಲ್ಲ, ದಿನವೂ ಬರುವ ಬಾಯಿ. ಅವರೇ ಎರಡು ದಿನ ರಜೆ ಹಾಕಲಿ, ನಮ್ಮ ಸಂಸ್ಕಾರವೂ ಗೊತ್ತಾಗುತ್ತದೆ.

ಮನೆ ನೋಡಿ ಮನುಷ್ಯನನ್ನು ಅಳೆಯುವ ಚಟ ನನಗೂ ಇತ್ತು. ಸಾಲ ಮಂಜೂರು ಮಾಡುವ ಮೊದಲು ಮನೆಗೆ ಹೋಗಿ ನೋಡಿ ಬರುವುದು ನಮ್ಮ ಕೆಲಸ. ಹೊಸದರಲ್ಲಿ ಒಂದು ಖೋಲಿಗೆ ಹೋಗಿದ್ದೆ. ಕಾಲಿಡಲು ಜಾಗವಿಲ್ಲ, ಮೂಲೆಯಲ್ಲಿ ಪಾತ್ರೆ, ಮಂಚದ ಮೇಲೆ ಹೊಲಿಗೆಯ ಬಟ್ಟೆಗಳ ಗುಡ್ಡೆ. ಇವನೇನು ಕಂತು ಕಟ್ಟುತ್ತಾನೆ ಅಂದುಕೊಂಡು ವರದಿಯಲ್ಲಿ ಕೊಂಕು ತೆಗೆದೆ. ಮ್ಯಾನೇಜರು ಅದನ್ನು ಓದಿ "ಏನಪ್ಪಾ, ಹೊಲಿಗೆ ಮೆಶಿನ್ ಇತ್ತಾ, ಅದರ ಮೇಲೆ ಧೂಳಿತ್ತಾ?" ಅಂತ ಕೇಳಿದರು. ಮೆಶಿನ್ ಮೇಲೆ ಧೂಳಿರಲಿಲ್ಲ. ಸಾಲ ಕೊಟ್ಟೆವು. ಆತ ಒಂದು ಕಂತನ್ನೂ ತಪ್ಪಿಸಲಿಲ್ಲ. ಅದೇ ವರ್ಷ ಗಾಜಿನ ಟೀಪಾಯಿ, ಮೀನಿನ ತೊಟ್ಟಿ ಎಲ್ಲ ಇಟ್ಟು ನನಗೆ ಬಾದಾಮಿ ಹಾಲು ಕೊಟ್ಟ ದೊಡ್ಡ ಮನುಷ್ಯರ ಹಿಂದೆ ವಸೂಲಿಗಾಗಿ ವರ್ಷಗಟ್ಟಲೆ ಅಲೆದೆವು.

ಇದೆಲ್ಲ ಇರಲಿ. ಈ ಸ್ವಚ್ಛತೆಯ ಮಾತಿನ ಕೆಳಗೆ ಬೇರೊಂದು ಮಾತಿದೆ, ಅದನ್ನೂ ಹೇಳಿಬಿಡುತ್ತೇನೆ. ಸಭೆ ಮುಗಿದು ಮೆಟ್ಟಿಲಿಳಿಯುವಾಗ ಒಬ್ಬರು ನನ್ನ ಕಿವಿಯಲ್ಲಿ "ಅವರ ಕಡೆಯವರೇ ಹಾಗೆ ಬಿಡಿ" ಅಂದರು. ಯಾವ ಕಡೆ? ಯಾವ ಜಾತಿ? ಯಾವ ಊಟ? ಅದನ್ನು ಸಭೆಯಲ್ಲಿ ಬಾಯಿ ಬಿಟ್ಟು ಹೇಳಲಾಗುವುದಿಲ್ಲವಲ್ಲ, ಅದಕ್ಕೇ 'ಗಲೀಜು' ಅನ್ನುವ ಪದ.

1917ರಲ್ಲಿ ಅಂಬೇಡ್ಕರ್ ವಿದೇಶದಲ್ಲಿ ಓದಿ ಬರೋಡಾದ ನೌಕರಿಗೆ ಬಂದರು. ಅವರಿಗೆ ಇರಲು ಮನೆ ಸಿಗಲಿಲ್ಲ. ಪಾರ್ಸಿಗಳ ವಸತಿಗೃಹದಲ್ಲಿ ಹೆಸರು ಮರೆಮಾಚಿ ಉಳಿದರು. ಗೊತ್ತಾದ ಮೇಲೆ ಜನ ದೊಣ್ಣೆ ಹಿಡಿದು ಬಂದು ಹೊರಗೆ ಹಾಕಿದರು. ಅವರ ಕೋಣೆ ಗುಡಿಸಿತ್ತೋ ಇಲ್ಲವೋ ಅಂತ ಯಾರಾದರೂ ನೋಡಿದರಾ? 'ಅಶುದ್ಧ' ಅಂತ ಮೊದಲೇ ನಿರ್ಧಾರ ಆಗಿತ್ತು.

ನಮ್ಮವರೇನು ಇದರಿಂದ ತಪ್ಪಿಸಿಕೊಂಡರಾ? ಶಿವಸೇನೆ 1966ರಲ್ಲಿ ಹುಟ್ಟಿ ಬೆಳೆದ ಕಾಲದಲ್ಲಿ ಬೈಸಿಕೊಂಡವರು ದಕ್ಷಿಣದವರು, ಉಡುಪಿ ಹೋಟೆಲಿನವರು. ನಾನು 1993ರಲ್ಲಿ ಬಂದಾಗ ಆರು ಜನ ಒಂದು ಖೋಲಿಯಲ್ಲಿದ್ದೆವು. ನೀರು ಬರುತ್ತಿದ್ದದ್ದು ಬೆಳಗಿನ ಜಾವ ಮುಕ್ಕಾಲು ಗಂಟೆ. ಕುಡಿಯಲು, ಸ್ನಾನಕ್ಕೆ ಹಿಡಿದಿಟ್ಟರೆ ನೆಲ ಒರೆಸಲು ಎಲ್ಲಿ ಉಳಿಯುತ್ತದೆ? ಪಕ್ಕದವರು ಮೂಗು ಮುಚ್ಚಿಕೊಂಡು "ಮದ್ರಾಸಿಗಳು" ಅನ್ನುತ್ತಿದ್ದರು. ಭಾನುವಾರ ಬಂಗುಡೆ ಸಾರು ಮಾಡಿದರೆ ಮುಗಿಯಿತು, ಮಾಲೀಕನಿಗೆ ದೂರು. ಊರಲ್ಲಿ ಅಮ್ಮ ಬೆಳಕು ಹರಿಯುವ ಮೊದಲೇ ಹಿಡಿಸೂಡಿ ಹಿಡಿದು ಅಂಗಳ ಗುಡಿಸುತ್ತಿದ್ದಳು. ಅವಳ ಮಗನನ್ನು ಇಲ್ಲಿ ಗಲೀಜು ಎಂದರು. ಅಂಥ ನಾವೇ ಇವತ್ತು ಸ್ವಂತ ಫ್ಲ್ಯಾಟಿನ ಬಾಲ್ಕನಿಯಲ್ಲಿ ನಿಂತು ಅದೇ ಮಾತನ್ನು ಇನ್ನೊಬ್ಬರಿಗೆ ಅನ್ನುತ್ತೇವೆ. ನಾಚಿಕೆಯಾಗಬೇಡವೇ?

ಹಾಗಾದರೆ ಏನು ಬೇಕಾದರೂ ಮಾಡಿಕೊಳ್ಳಲಿ ಅನ್ನುತ್ತೀರಾ ಅಂತ ನೀವು ಕೇಳಬಹುದು. ಇಲ್ಲ. ಹೊಸ್ತಿಲ ಹೊರಗಿನದು ಎಲ್ಲರದು. ಮೆಟ್ಟಿಲ ಮೇಲೆ ಕಸದ ಚೀಲ ಬಿಟ್ಟರೆ, ಕಿಟಕಿಯಿಂದ ಎಸೆದರೆ, ನೀರು ನಿಲ್ಲಿಸಿ ಡೆಂಗಿ ಸೊಳ್ಳೆ ಬೆಳೆಸಿದರೆ ಖಂಡಿತ ಕೇಳಬೇಕು. ಆದರೆ ಎಲ್ಲರನ್ನೂ ಒಂದೇ ಥರ ಕೇಳಬೇಕು. ನಮ್ಮ ಬಿಲ್ಡಿಂಗಿನಲ್ಲಿ ಪ್ಯಾಸೇಜಿನಲ್ಲಿ ಚಪ್ಪಲಿ ಕಪಾಟು, ಹಳೆಯ ಸೈಕಲ್, ಮುರಿದ ಕೂಲರ್ ಇಟ್ಟವರೆಲ್ಲ ಮಾಲೀಕರೇ. ಹೂಕುಂಡದ ತಟ್ಟೆಯಲ್ಲಿ ನೀರು ನಿಲ್ಲಿಸಿದವರೂ ಮಾಲೀಕರೇ. ಅದಕ್ಕೆ ನಾವು 'ಸಾಮಾನು' ಅನ್ನುತ್ತೇವೆ, 'ಗಾರ್ಡನ್' ಅನ್ನುತ್ತೇವೆ. ಎರಡನೇ ಮಹಡಿಯವರು ಹೊಸ್ತಿಲಾಚೆ ಒಂದು ಚೂರು ಕಸ ಹಾಕಿದ್ದನ್ನು ನಾನಂತೂ ನೋಡಿಲ್ಲ. ಸಭೆಯಲ್ಲೂ ಯಾರೂ ಹಾಗೆ ಹೇಳಲಿಲ್ಲ.

ಕಾಗದ ಇನ್ನೂ ಹೋಗಿಲ್ಲ. ಬರುವ ಭಾನುವಾರ ಕಮಿಟಿಯವರು ಸಹಿ ಹಾಕುತ್ತಾರಂತೆ. ನನ್ನ ಆಕ್ಷೇಪವನ್ನು ಮರಾಠಿಯಲ್ಲಿ ಬರೆದಿಟ್ಟಿದ್ದೇನೆ, ಸೋರಿಕೆ ನನ್ನ ಬಚ್ಚಲಿನದು ಅಂತಲೂ ಸೇರಿಸಿ. ಶನಿವಾರ ಪ್ಲಂಬರ್ ಬಂದು ಟೈಲ್ಸ್ ಒಡೆಯುತ್ತಾನೆ. ಕೆಳಗಿನ ಗೋಡೆ ಒಣಗಿದ ಮೇಲೆ ಬಣ್ಣದ ಖರ್ಚು ನನ್ನದು. ನಿನ್ನೆ ಇದನ್ನು ಹೇಳಲು ಕೆಳಗೆ ಹೋಗಿದ್ದೆ. ಬಾಗಿಲು ತೆರೆದ ಕೂಡಲೇ ಆ ಹುಡುಗಿ ಗಡಿಬಿಡಿಯಿಂದ ಸೋಫಾ ಮೇಲಿನ ಬಟ್ಟೆಗಳನ್ನು ಬಾಚಿಕೊಂಡು, "ಸಾರಿ ಅಂಕಲ್, ಮನೆ ಹೀಗಿದೆ" ಅಂದಳು.

ಸಾರಿ ಹೇಳಬೇಕಾದವನು ನಾನಾಗಿದ್ದೆ.

ನಿಮ್ಮ ಬಿಲ್ಡಿಂಗಿನಲ್ಲೂ ಇಂಥ ಸಭೆ ಆಗಿರಬಹುದು. ಕೈ ಎತ್ತುವ ಮೊದಲು ಒಮ್ಮೆ ನಿಮ್ಮ ಮೊದಲನೇ ಬಾಡಿಗೆ ಮನೆಯನ್ನು ನೆನಪು ಮಾಡಿಕೊಳ್ಳಿ. ನನ್ನ ಹಾಗೆ ಸಮೋಸ ತಿನ್ನುತ್ತಾ ಸುಮ್ಮನೆ ಕೂರಬೇಡಿ.