ಮಾತ್ರೆ ಕೊಟ್ಟರೆ ಸಾಲದು, ಮನೆಯವರಿಗೂ ಹೇಳಿಕೊಡಬೇಕು



ನಮ್ಮ ಸಿದ್ದರಬೆಟ್ಟಕ್ಕೆ ಗಿಡಮೂಲಿಕೆ ಹುಡುಕಿಕೊಂಡು ದೂರದಿಂದ ಜನ ಬರುತ್ತಾರೆ. ಆದರೆ ಕಾಯಿಲೆಯವರ ಮನೆಯವರಿಗೆ ತಿಳಿಸಿ ಹೇಳುವುದೂ ಒಂದು ಔಷಧಿ ಎಂದು ನನ್ನ ಅಭಿಪ್ರಾಯ.

ಹೋದ ವರ್ಷ ನಮ್ಮ ತಾತನಿಗೆ ಕಾಲು ಊದಿಕೊಂಡಿತು. ಮಲಗಿದರೆ ದಮ್ಮು. ಆಸ್ಪತ್ರೆಯಲ್ಲಿ ‘ಹಾರ್ಟ್ ಫೇಲ್’ ಅಂದರು. ಫೇಲ್ ಅಂದ ಕೂಡಲೇ ಅಜ್ಜಿ ಅತ್ತುಬಿಟ್ಟರು. ಯಾರೂ ಬಿಡಿಸಿ ಹೇಳಲಿಲ್ಲ, ಚೀಟಿ ಕೊಟ್ಟು ಕಳಿಸಿದರು. ಮನೆಗೆ ಬಂದ ಮೇಲೆ ಅಜ್ಜಿ ಪ್ರೀತಿಯಿಂದ ಮುದ್ದೆ, ಉಪ್ಸಾರು, ಉಪ್ಪಿನಕಾಯಿ, ಹಪ್ಪಳ ಬಡಿಸಿದರು. ಕೊರಟಗೆರೆಗೆ ಹೋಗುವ ದಿನ ಬಸ್ಸಿನಲ್ಲಿ ಮೂತ್ರಕ್ಕೆ ಅವಸರ ಆಗುತ್ತೆ ಅಂತ ತಾತ ನೀರು ಇಳಿಸೋ ಮಾತ್ರೆಯನ್ನೇ ಬಿಟ್ಟರು. ತಿಂಗಳೊಳಗೆ ಮತ್ತೆ ಆಸ್ಪತ್ರೆ ಸೇರಿದರು.

ಎರಡನೇ ಸಲ ಒಬ್ಬ ನರ್ಸಮ್ಮ ಅಜ್ಜಿಯನ್ನು ಪಕ್ಕದಲ್ಲಿ ಕೂರಿಸಿಕೊಂಡರು. “ಹೃದಯ ನಿಂತಿಲ್ಲ ಅಜ್ಜಿ. ಬೋರ್‌ವೆಲ್ ಮೋಟಾರು ಓಡ್ತಾ ಇದೆ, ನೀರು ಎತ್ತೋ ಶಕ್ತಿ ಕಮ್ಮಿ ಆಗಿದೆ ಅಷ್ಟೇ” ಅಂದರು. ಉಪ್ಪು ಜಾಸ್ತಿಯಾದರೆ ಮೈಯಲ್ಲಿ ನೀರು ನಿಲ್ಲುತ್ತದೆ, ಅದರಿಂದಲೇ ಕಾಲು ಊದುವುದು, ಉಸಿರು ಕಟ್ಟುವುದು. ದಿನಾ ಬೆಳಿಗ್ಗೆ ಮೂತ್ರಕ್ಕೆ ಹೋಗಿ ಬಂದು, ತಿಂಡಿಗೆ ಮುಂಚೆ ತೂಕ ನೋಡಬೇಕು. ಮೂರು ದಿನದಲ್ಲಿ 2 ಕಿಲೋ ಏರಿದರೆ ದಮ್ಮು ಬರುವ ತನಕ ಕಾಯದೆ ಡಾಕ್ಟರಿಗೆ ತಿಳಿಸಬೇಕು. ಒಮ್ಮೆಲೇ ಉಸಿರು ಕಟ್ಟಿದರೆ 108ಕ್ಕೆ ಫೋನ್ ಮಾಡಬೇಕು. ಇಷ್ಟು ಹೇಳಿ, “ಈಗ ನೀವು ನನಗೆ ಹೇಳಿ ನೋಡೋಣ” ಎಂದು ಅಜ್ಜಿಯಿಂದಲೇ ಹೇಳಿಸಿದರು. ಕೊನೆಗೆ “ನೀವು ಊಟ ಮಾಡಿದ್ರಾ?” ಎಂದು ಕೇಳಿದರು. ಅಲ್ಲಿಯವರೆಗೆ ಅಜ್ಜಿಯನ್ನು ಯಾರೂ ಹಾಗೆ ಕೇಳಿರಲಿಲ್ಲ.

ಅಪ್ಪ ತೂಕದ ಮಿಷನ್ ತಂದರು. ಅಜ್ಜಿಗೆ ಓದಲು ಬರುವುದಿಲ್ಲ. ದಿನಾ ತೂಕ ಬರೆಯುವುದು ನನ್ನ ಕೆಲಸ. ಈಗ ತಾತ ಜಗಲಿಯ ಮೇಲೆ ಕೂತು ಎಲ್ಲರನ್ನೂ ಮಾತಾಡಿಸುತ್ತಾರೆ.

ನರ್ಸಮ್ಮನವರಿಗೆ ಇಷ್ಟು ಹೇಳಲು ಸಮಯ ಎಲ್ಲಿದೆ ಎಂದು ಕೆಲವರು ಕೇಳಬಹುದು. ನಿಜ. ಇಡೀ ವಾರ್ಡಿಗೆ ಒಬ್ಬರೇ ಓಡಾಡುವುದನ್ನು ನಾನೇ ನೋಡಿದೆ. ಅದಕ್ಕೇ ನರ್ಸುಗಳನ್ನು ಹೆಚ್ಚು ನೇಮಿಸಬೇಕು. ಸೂಜಿ ಹಾಕಿದ ಹಾಗೆ ಹೇಳಿಕೊಡುವುದನ್ನೂ ಕೆಲಸ ಎಂದು ಲೆಕ್ಕ ಹಿಡಿಯಬೇಕು. 2024ರಲ್ಲಿ ನಮ್ಮ ಸರ್ಕಾರ ‘ಗೃಹ ಆರೋಗ್ಯ’ ಯೋಜನೆ ಶುರು ಮಾಡಿತು. ಮನೆಗೇ ಬಂದು ಬಿ.ಪಿ., ಸಕ್ಕರೆ ಕಾಯಿಲೆ ನೋಡುವುದು ಅದರ ಉದ್ದೇಶ. ಹಾಗೆ ಬರುವವರು ಹೃದಯದ ಕಾಯಿಲೆಯವರ ತೂಕದ ಪುಸ್ತಕವನ್ನೂ ನೋಡಲಿ. ಮಿಷನ್ ಕೊಳ್ಳಲಾಗದವರಿಗೆ ಒಂದು ಮಿಷನ್ ಕೊಡಲಿ.

ಫ್ಲಾರೆನ್ಸ್ ನೈಟಿಂಗೇಲ್ ಹುಟ್ಟಿದ ಮೇ 12 ದಾದಿಯರ ದಿನ. ಆಗ ನಮಗೆ ಬೇಸಿಗೆ ರಜೆ, ಗೋಡೆ ಪತ್ರಿಕೆ ಇರುವುದಿಲ್ಲ. ಅದಕ್ಕೇ ಆ ನರ್ಸಮ್ಮನಿಗೆ ಈಗಲೇ ನಮಸ್ಕಾರ ಹೇಳುತ್ತಿದ್ದೇನೆ.

– ಏಳನೇ ತರಗತಿ ವಿದ್ಯಾರ್ಥಿನಿ