ಕೂತವರ ಹೆಸರೆಲ್ಲಿ?

ವಿವೇಕಾನಂದರು ಚಿಕಾಗೋದಲ್ಲಿ ಮಾತಾಡಿದರಲ್ಲ, ಅದೇ 1893ರಲ್ಲಿ, ಅದೇ ಊರಿನ ವಿಶ್ವ ಪ್ರದರ್ಶನದಲ್ಲಿ ಸಿಂಗರ್ ಹೊಲಿಗೆ ಮಿಷಿನ್ ಕಂಪನಿಯವರು ಬಣ್ಣದ ಕಾರ್ಡು ಹಂಚಿದರು. ಫೋಟೋ ನೋಡಿ ಅಚ್ಚು ಹಾಕಿದ ಚಿತ್ರಗಳು. ಜುಲು, ಬರ್ಮಾ, ಸಿಲೋನ್, ನಮ್ಮ ಇಂಡಿಯಾ. ಆಯಾ ದೇಶದ ಜನ ತಮ್ಮ ಉಡುಪಿನಲ್ಲಿ, ಜೊತೆಗೆ ಅದೇ ಮಿಷಿನ್. ಮೇಲೆ ದೇಶದ ಹೆಸರು, ಕಂಪನಿ ಹೆಸರು. ಹಿಂದುಗಡೆ ಆ ನಾಡಿನ ವರ್ಣನೆ.

ಉಡುಪು ತೋರಿಸಿದ್ದಕ್ಕೆ ನನ್ನ ಸಿಟ್ಟಲ್ಲ, ಚೆಂದವೇ ಇವೆ. ಮಿಷಿನ್ ಬಂದ ಮೇಲೆಯೇ ಇವರಿಗೆ ನಾಗರಿಕತೆ ಬಂತು ಅನ್ನೋ ಧಾಟಿಗೆ ಸಿಟ್ಟು. ಅಂಚು, ಸೆರಗು ನೇಯ್ದ ನಾಡಿಗೆ ಆ ಪಾಠವೇ? ಮಿಷಿನ್ ಬೇಡ ಅಂತಲ್ಲ, ರಾಯದುರ್ಗದ ಜೀನ್ಸ್ ಅದರಿಂದಲೇ.

ವ್ಯಾಪಾರಸ್ಥರೇ, ನಿಮ್ಮ ಅಂಗಡಿ ಕ್ಯಾಲೆಂಡರಿಗೆ ಲಂಬಾಣಿ ಹೆಣ್ಣುಮಗಳ ಫೋಟೋ ಹಾಕಿಸುವಾಗ ಮೊದಲು ಆಕೆಯನ್ನು ಕೇಳಿ. ಒಪ್ಪಿದರೆ ಕೆಳಗೆ ಹೆಸರೂ ಹಾಕಿಸಿ.