ಯಾವ ಸ್ವಿಚ್ ಕೊಳ್ಳಬೇಕು?
ದಸರಾ ರಜೆ ಶುರುವಾದ ಈ ವಾರ ವೈಯಾಲಿಕಾವಲ್‌ನ ಮಕ್ಕಳ ಬೇಡಿಕೆಯಲ್ಲಿ ನಿಂಟೆಂಡೊ ಕಂಪನಿಯ ವಿಡಿಯೊ ಗೇಮ್ ಯಂತ್ರ ಸ್ವಿಚ್ಚೂ ಸೇರಿದೆ. ಯಾವ ಸ್ವಿಚ್ ಎಂಬುದಕ್ಕೆ ಹಿರಿಯರು ಬೆಲೆ ನೋಡಿ ಉತ್ತರ ಹುಡುಕುತ್ತಾರೆ. ನೋಡಬೇಕಾದದ್ದು ರಿಪೇರಿಯನ್ನು ಎಂಬುದು ನನ್ನ ವಾದ. ನಿಂಟೆಂಡೊ ಭಾರತದಲ್ಲಿ ಸ್ವಿಚ್ಚನ್ನು ಅಧಿಕೃತವಾಗಿ ಮಾರಾಟಕ್ಕೆ ಬಿಟ್ಟಿಲ್ಲ. ಇಲ್ಲಿನ ಅಂಗಡಿಯಲ್ಲಿ ಕೊಂಡರೂ, ವಿದೇಶದ ನೆಂಟರಿಂದ ತರಿಸಿದರೂ ಕೆಟ್ಟರೆ ಕಂಪನಿಯ ಆಸರೆ ಇಲ್ಲ. ಹಾಗಾಗಿ ಕೆಟ್ಟ ಭಾಗವನ್ನು ಮನೆಯಲ್ಲೇ ಬದಲಿಸಬಹುದೇ ಎಂಬುದೇ ಮೊದಲ ಪ್ರಶ್ನೆ. 2019ರ ಸ್ವಿಚ್ ಲೈಟ್ ಮಾದರಿ ಕೈಗೆ ಹಗುರ, ಜೇಬಿಗೂ ಹಗುರ ನಿಜ. ಆದರೆ ಅದರ ಕಂಟ್ರೋಲರ್ ಯಂತ್ರದ ಮೈಗೇ ಸೇರಿಕೊಂಡಿದೆ. ಕಂಟ್ರೋಲರ್‌ನ ಕಡ್ಡಿ ಮುಟ್ಟದಿದ್ದರೂ ಆಟದ ಪಾತ್ರ ತಾನಾಗಿ ಒಂದು ಕಡೆ ಸರಿಯುವ ‘ಡ್ರಿಫ್ಟ್’ ಶುರುವಾದರೆ ಇಡೀ ಯಂತ್ರವನ್ನೇ ಬಿಚ್ಚಬೇಕು. 2021ರ ಸ್ವಿಚ್ ಓಲೆಡ್ ಮಾದರಿಯಲ್ಲಿ ಪಕ್ಕದ ಕಂಟ್ರೋಲರ್ ಆದ ಜಾಯ್‌ಕಾನನ್ನು ಜಾರಿಸಿ ತೆಗೆದು ಬೇರೆಯದು ಸಿಕ್ಕಿಸಿದರೆ ಆಯಿತು. ಟಿವಿಗೆ ಜೋಡಿಸಿ ಅಣ್ಣ ತಂಗಿ ಒಂದೊಂದು ಹಿಡಿದು ಆಡಲೂಬಹುದು. 2025ರ ಸ್ವಿಚ್ 2 ಇರುವಾಗ ಹಳೆಯದೇಕೆ ಎನ್ನುವವರಿದ್ದಾರೆ. ಅದರಲ್ಲಿ ಹಳೆಯ ಆಟಗಳೂ ಬಹುಪಾಲು ನಡೆಯುತ್ತವೆ, ಒಪ್ಪುತ್ತೇನೆ. ಆದರೆ ಅದನ್ನು ಜಪಾನಿನಿಂದ ತರಿಸುವುದಾದರೆ, ಅಲ್ಲಿ 49,980 ಯೆನ್‌ಗೆ ಬಿಡುಗಡೆಯಾದದ್ದು ಜಪಾನಿ ಭಾಷೆಗೆ, ಜಪಾನಿನ ನಿಂಟೆಂಡೊ ಖಾತೆಗೆ ಮಾತ್ರ. ಬಹುಭಾಷೆಯದ್ದಕ್ಕೆ ಆಗ 69,980 ಯೆನ್ ಇತ್ತು. ಹೆಚ್ಚುವರಿ ಆಟಗಳನ್ನು ಉಳಿಸಿಕೊಳ್ಳಲು ಮೈಕ್ರೊಎಸ್‌ಡಿ ಎಕ್ಸ್‌ಪ್ರೆಸ್ ಕಾರ್ಡೇ ಬೇಕು, ಮನೆಯಲ್ಲಿರುವ ಹಳೆಯ ಕಾರ್ಡ್ ನಡೆಯದು. ಅಷ್ಟು ಖರ್ಚು ತಾಳುವವರು ಬಹುಭಾಷೆಯದ್ದನ್ನೇ ಕೇಳಿ ತರಿಸಿಕೊಳ್ಳಲಿ. ಉಳಿದವರಿಗೆ ಓಲೆಡ್ಡೇ ಸರಿ. ಕಡಿಮೆ ಬೆಲೆ ಕೊಂಡ ದಿನದ ಲಾಭ. ಬಿಚ್ಚಿ ಬದಲಿಸಲು ಬರುವುದು ಬಳಸುವಷ್ಟು ವರ್ಷವೂ ಕಾಯುವ ಲಾಭ.